ಯಾರಿಗೂ ಹೇಳದೆ ಕುಡಿತ ಕಡಿಮೆ ಮಾಡಿಕೊಂಡವರು

ಬಸ್ ನಿಲ್ದಾಣದ ಗೋಡೆಗಳಲ್ಲಿ, ವಾರಪತ್ರಿಕೆಗಳ ಕೊನೆಯ ಪುಟಗಳಲ್ಲಿ ಒಂದು ಬಗೆಯ ಜಾಹೀರಾತನ್ನು ನೀವೂ ನೋಡಿರುತ್ತೀರಿ. ಕುಡಿಯುವವರಿಗೆ ಗೊತ್ತಿಲ್ಲದಂತೆ ಕುಡಿತ ಬಿಡಿಸುತ್ತೇವೆ ಎನ್ನುವಂಥದ್ದು. ಊಟದಲ್ಲೋ ಕಾಫಿಯಲ್ಲೋ ಬೆರೆಸಿ ಕೊಡುವ ಪುಡಿ, ಕೆಳಗೊಂದು ಮೊಬೈಲ್ ನಂಬರು. ಮುಂಬೈಯಲ್ಲಿರುವವರು ಇದನ್ನೇ ಮರಾಠಿಯಲ್ಲೋ ಹಿಂದಿಯಲ್ಲೋ ಓದಿರುತ್ತಾರೆ. ಏನಿದೆಯೆಂದು ತಿಳಿಯದ ಪುಡಿಯನ್ನು ಒಬ್ಬರ ತಟ್ಟೆಗೆ ಬೆರೆಸುವುದು ಎಷ್ಟು ಅಪಾಯ ಎಂಬುದು ಹಾಗಿರಲಿ. ನನ್ನ ಗಮನ ಹೋಗುವುದು ಆ ಕ್ರಿಯಾಪದದ ಕಡೆಗೆ: ‘ಬಿಡಿಸು’.

ನಮ್ಮ ಮಾತಿನಲ್ಲಿ ಕುಡಿತವನ್ನು ಮನುಷ್ಯ ತಾನಾಗಿ ಬಿಡುವುದು ಅಪರೂಪ. ಯಾರೋ ಬಿಡಿಸಬೇಕು. ಹೆಂಡತಿ ಬಿಡಿಸಬೇಕು, ಸ್ವಾಮೀಜಿ ಬಿಡಿಸಬೇಕು, ಡಾಕ್ಟರು ಬಿಡಿಸಬೇಕು, ಇಲ್ಲವೇ ಸರ್ಕಾರ ಅಂಗಡಿಗೇ ಬೀಗ ಹಾಕಿ ಬಿಡಿಸಬೇಕು. ಕರ್ನಾಟಕ 2007ರಲ್ಲಿ ಸಾರಾಯಿ ನಿಷೇಧಿಸಿದ್ದು ಆ ನಂಬಿಕೆಯ ಮೇಲೆಯೇ. ಧರ್ಮಸ್ಥಳದ ಕಡೆಯಿಂದ ಹಳ್ಳಿಹಳ್ಳಿಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳನ್ನು ನೋಡಿ. ಅವುಗಳಿಂದ ಉಳಿದ ಮನೆಗಳುಂಟು, ಅದನ್ನು ಹಗುರ ಮಾಡಿ ಹೇಳುತ್ತಿಲ್ಲ. ಆದರೆ ಶಿಬಿರಕ್ಕೆ ಹೋಗುವುದೆಂದರೆ ‘ನಾನು ಕುಡುಕ’ ಎಂದು ಊರಿನ ಮುಂದೆ ಒಪ್ಪಿಕೊಂಡಂತೆ. ಊರಿಗೆ ಮೊದಲೇ ಗೊತ್ತಿರುವವನಿಗೆ ಅದು ಸರಿ. ಊರಿಗೆ ಗೊತ್ತೇ ಇಲ್ಲದವರ ಕತೆ? ರಾತ್ರಿ ಒಂಬತ್ತಕ್ಕೆ ಆಫೀಸಿನಿಂದ ಬಂದು ಬಾಲ್ಕನಿಯಲ್ಲಿ ಕೂತು ಮೂರು ಲಾರ್ಜ್ ಹಾಕಿ, ಬೆಳಿಗ್ಗೆ ಎಂಟರ ಮೀಟಿಂಗಿಗೆ ತಪ್ಪದೆ ಹಾಜರಾಗುವವರು, ಫ್ಲಾಟಿನ ಕಸದ ಬುಟ್ಟಿಗೆ ಬಾಟಲಿ ಹಾಕುವಾಗ ಪೇಪರಿನಲ್ಲಿ ಸುತ್ತಿ ಹಾಕುವ ಮಹಿಳೆ, ಇವರನ್ನು ಯಾರೂ ಕುಡುಕರೆನ್ನುವುದಿಲ್ಲ. ಅವರೂ ಹಾಗೆ ಅಂದುಕೊಳ್ಳುವುದಿಲ್ಲ. ಲಿವರಿಗೆ ಮಾತ್ರ ಈ ವ್ಯತ್ಯಾಸ ತಿಳಿಯುವುದಿಲ್ಲ.

ಇಂಥವರಿಗಾಗಿ ಕಳೆದ ಸುಮಾರು ಐವತ್ತು ವರ್ಷಗಳಲ್ಲಿ ಬೇರೊಂದು ದಾರಿ ಬೆಳೆದುಬಂದಿದೆ. ಇಂದು ಅದು ವೆಬ್‌ಸೈಟು, ಆ್ಯಪುಗಳ ರೂಪದಲ್ಲಿದೆ. ಆದರೆ ಅದರ ಮೂಲ ಇರುವುದು ಒಂದು ಪೇಪರ್‌ಬ್ಯಾಕ್ ಪುಸ್ತಕದಲ್ಲಿ.

1970ರ ದಶಕದ ನಡುವೆ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಮಿಲ್ಲರ್ ಎಂಬ ಮನಶ್ಶಾಸ್ತ್ರದ ವಿದ್ಯಾರ್ಥಿ ಪಿಎಚ್‌ಡಿಗಾಗಿ ಒಂದು ಪ್ರಯೋಗ ನಡೆಸುತ್ತಿದ್ದ. ಮಿತಿ ಮೀರಿ ಕುಡಿಯುವವರಿಗೆ ಮಿತಿಯಲ್ಲಿರುವುದನ್ನು ಹಲವು ವಿಧಾನಗಳಿಂದ ಕಲಿಸಿ, ಯಾವುದು ಮೇಲು ಎಂದು ನೋಡುವುದು ಅವನ ಉದ್ದೇಶ. ಚಿಕಿತ್ಸೆ ಮುಗಿದ ಮೇಲೆ ಅರ್ಧ ಜನರಿಗೆ, ಚೀಟಿ ಎತ್ತಿದಂತೆ ಆಯ್ದು, ತಾನೂ ಗೆಳೆಯ ರಿಕಾರ್ಡೊ ಮುನ್ಯೋಸ್ ಕೂಡಿ ಬರೆದಿದ್ದ ಸ್ವಸಹಾಯ ಪುಸ್ತಕವೊಂದನ್ನು ಕೊಟ್ಟು ಕಳಿಸಿದ. ಕೆಲವು ತಿಂಗಳ ನಂತರ ವಿಚಾರಿಸಿದರೆ ಪುಸ್ತಕ ಪಡೆದವರು ಇನ್ನಷ್ಟು ಸುಧಾರಿಸಿದ್ದರು. ಹಾಗಾದರೆ ಪುಸ್ತಕ ಒಂದನ್ನೇ ಕೊಟ್ಟರೆ ಹೇಗೆ? ಮುಂದಿನ ಪ್ರಯೋಗಗಳಲ್ಲಿ ಒಂದು ಗುಂಪಿಗೆ ಆಪ್ತಸಲಹೆಗಾರರ ಜೊತೆ ವಾರವಾರ ಭೇಟಿ, ಇನ್ನೊಂದಕ್ಕೆ ಬರೀ ಪುಸ್ತಕ ಮತ್ತು ಲೆಕ್ಕ ಬರೆದಿಡಲು ಹಾಳೆ. ಪುಸ್ತಕದ ಗುಂಪು ಸೋಲಬೇಕಿತ್ತು. ಸೋಲಲಿಲ್ಲ, ಸಮಸಮವಾಗಿ ನಿಂತಿತು.

ಮಿಲ್ಲರ್‌ಗೆ ಇದು ಮುಜುಗರದ ಫಲಿತಾಂಶ. ಆಪ್ತಸಲಹೆಯ ವೃತ್ತಿಗೆ ಕಾಲಿಡುತ್ತಿರುವವನಿಗೆ ಆಪ್ತಸಲಹೆಗಾರರೇ ಬೇಕಿಲ್ಲವೇನೋ ಅನ್ನಿಸುವಂಥದ್ದು. ಒಳಹೊಕ್ಕು ನೋಡಿದಾಗ ಸಲಹೆಗಾರರ ನಡುವೆಯೇ ದೊಡ್ಡ ಅಂತರ ಕಂಡಿತು. ಎದುರಿಗಿದ್ದವರ ಮಾತನ್ನು ಗಮನವಿಟ್ಟು ಕೇಳುವವರ ಬಳಿ ಹೋದವರು ಚೆನ್ನಾಗಿ ಸುಧಾರಿಸಿದ್ದರು. ಕೇಳದೆ ಬುದ್ಧಿ ಹೇಳುವವರ ಬಳಿ ಹೋದವರು ಪುಸ್ತಕ ಹಿಡಿದು ಮನೆಯಲ್ಲೇ ಕೂತಿದ್ದರೆ ಇನ್ನೂ ಚೆನ್ನಾಗಿರುತ್ತಿದ್ದರು. ಬೈಯುವ ಮನುಷ್ಯನಿಗಿಂತ ಬೈಯದ ಪುಸ್ತಕ ಮೇಲು ಎಂದಾಯಿತು. ಮಿಲ್ಲರ್ ಮುಂದೆ ನಾರ್ವೆಯ ಬರ್ಗೆನ್‌ನಲ್ಲಿ ಕೆಲಕಾಲ ಇದ್ದಾಗ ಅಲ್ಲಿನ ಎಳೆಯ ಮನಶ್ಶಾಸ್ತ್ರಜ್ಞರ ಪ್ರಶ್ನೆಗಳಿಗೆ ಉತ್ತರಿಸುತ್ತ ಈ ಕೇಳುವ ರೀತಿಯನ್ನೇ ಒಂದು ಪದ್ಧತಿಯಾಗಿ ರೂಪಿಸಿದರು. 1983ರಲ್ಲಿ ಪ್ರಕಟವಾದ ಆ ಬರಹದಿಂದ ಹುಟ್ಟಿದ ‘ಮೋಟಿವೇಷನಲ್ ಇಂಟರ್‌ವ್ಯೂಯಿಂಗ್’ ಇಂದು ಎಲ್ಲ ಕಡೆ ಕಲಿಸುವ ವಿದ್ಯೆ.

ಇದೆಲ್ಲ ಈಗ ಸಾಮಾನ್ಯ ಜ್ಞಾನದಂತೆ ಕೇಳಿಸುತ್ತದೆ. ಆಗ ಹಾಗಿರಲಿಲ್ಲ. 1935ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಆಕ್ರನ್ ಊರಿನಲ್ಲಿ ಇಬ್ಬರು ಕುಡುಕರು, ಒಬ್ಬ ಷೇರು ವ್ಯವಹಾರದವನು, ಇನ್ನೊಬ್ಬ ಸರ್ಜನ್, ಸೇರಿ ಆರಂಭಿಸಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಲಕ್ಷಾಂತರ ಜನರ ಜೀವ ಉಳಿಸಿತ್ತು. ಅದರ ಅನುಭವ ಒಂದೇ ಮಾತಿನದು: ಚಟ ಹತ್ತಿದವನಿಗೆ ಮಿತಿಯೆಂಬುದಿಲ್ಲ, ಪೂರ್ತಿ ಬಿಡುವುದೊಂದೇ ದಾರಿ. 1962ರಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ಡಿ. ಎಲ್. ಡೇವಿಸ್, ತಮ್ಮ 93 ರೋಗಿಗಳಲ್ಲಿ 7 ಜನ ವರ್ಷಗಟ್ಟಲೆ ಮಿತವಾಗಿ ಕುಡಿಯುತ್ತಿದ್ದಾರೆ ಎಂದು ಬರೆದಾಗ ವೈದ್ಯಲೋಕ ಅವರ ಮೇಲೆ ಮುಗಿಬಿತ್ತು. (ಆ ಏಳು ಜನರಲ್ಲಿ ಹಲವರು ನಿಜವಾಗಿ ಅಷ್ಟು ಸುಧಾರಿಸಿರಲಿಲ್ಲ ಎಂದು ಆಮೇಲೆ ತಿಳಿಯಿತು. ಮುಗಿಬಿದ್ದವರೆಲ್ಲ ತಪ್ಪೆಂದು ಹೇಳುವಂತಿಲ್ಲ.)

ಜಗಳ ಕೋರ್ಟು ಕಚೇರಿಯ ಮಟ್ಟಕ್ಕೆ ಹೋದದ್ದು ಮಾರ್ಕ್ ಮತ್ತು ಲಿಂಡಾ ಸೊಬೆಲ್ ದಂಪತಿಯ ವಿಷಯದಲ್ಲಿ. 1970ರ ಆಸುಪಾಸಿನಲ್ಲಿ ಕ್ಯಾಲಿಫೋರ್ನಿಯಾದ ಪ್ಯಾಟನ್ ಸರ್ಕಾರಿ ಆಸ್ಪತ್ರೆಯಲ್ಲಿ, ಗಟ್ಟಿಯಾಗಿ ಚಟ ಹತ್ತಿದ್ದ 20 ಗಂಡಸರಿಗೆ ಮಿತವಾಗಿ ಕುಡಿಯುವುದನ್ನು ಕಲಿಸಿ, ಒಳ್ಳೆಯ ಫಲ ಸಿಕ್ಕಿತೆಂದು ಅವರು ವರದಿ ಮಾಡಿದ್ದರು. 1982ರಲ್ಲಿ ಬೇರೆ ಮೂವರು ಸಂಶೋಧಕರು ಅದೇ 20 ಜನರನ್ನು ಹುಡುಕಿಕೊಂಡು ಹೋಗಿ, ಬಹುಪಾಲು ಜನ ಹಳೆಯ ಚಟಕ್ಕೇ ಮರಳಿದ್ದಾರೆ, ನಾಲ್ವರು ಕುಡಿತದಿಂದಲೇ ಸತ್ತಿದ್ದಾರೆ ಎಂದು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಮೋಸದ ಆರೋಪ ಬಂತು, ಟೀವಿಯವರು ಬಂದರು. ದಂಪತಿ ಆಗ ಕೆಲಸ ಮಾಡುತ್ತಿದ್ದ ಟೊರಾಂಟೊದ ಸಂಸ್ಥೆ ವಿಚಾರಣಾ ಸಮಿತಿ ನೇಮಿಸಿತು. ಸಮಿತಿ ಮೋಸ ನಡೆದಿಲ್ಲ ಎಂದಿತು. ಟೀಕಾಕಾರರು ಹೇಳದೆ ಬಿಟ್ಟ ಒಂದು ಸಂಗತಿಯೂ ಹೊರಬಂತು. ‘ಪೂರ್ತಿ ಬಿಡಿ’ ಎಂದು ಚಿಕಿತ್ಸೆ ಪಡೆದ ಹೋಲಿಕೆಯ ಗುಂಪಿನಲ್ಲಿ ಸತ್ತವರು ಆರು ಜನ. ಅಂದರೆ ಗಟ್ಟಿ ಚಟದವರಿಗೆ ಎರಡೂ ದಾರಿ ಕಷ್ಟದ್ದೇ. ಈ ಗದ್ದಲದ ಪರಿಣಾಮವಾಗಿ ಮಿತಿಯ ಮಾತಾಡುವವರು ಮೆಲ್ಲನೆ ತಮ್ಮ ಗಮನವನ್ನು ಬೇರೆ ಕಡೆಗೆ ತಿರುಗಿಸಿದರು: ಚಟದ ತುದಿ ಮುಟ್ಟಿದವರನ್ನು ಬಿಟ್ಟು, ಇನ್ನೂ ದಾರಿಯ ನಡುವೆ ಇರುವವರ ಕಡೆಗೆ. ಈ ಚರಿತ್ರೆಯ ಮುಖ್ಯ ತಿರುವು ಇದೇ ಎಂದು ನನಗನ್ನಿಸುತ್ತದೆ.

ಆ ನಡುವಿನವರಿಗೆ ಎಷ್ಟು ಚಿಕಿತ್ಸೆ ಸಾಕು? 1977ರಲ್ಲಿ ಲಂಡನ್ನಿನ ಗ್ರಿಫಿತ್ ಎಡ್ವರ್ಡ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ 100 ಜನ ವಿವಾಹಿತ ಗಂಡಸರಿದ್ದರು. ಅರ್ಧ ಜನರಿಗೆ ಆಸ್ಪತ್ರೆ, ಔಷಧಿ, ಆಪ್ತಸಲಹೆ ಎಲ್ಲವೂ. ಉಳಿದರ್ಧಕ್ಕೆ ಗಂಡ ಹೆಂಡತಿಯನ್ನು ಕೂರಿಸಿಕೊಂಡು ಒಂದೇ ಒಂದು ಬಾರಿ ಮಾತು, ಜವಾಬ್ದಾರಿ ನಿಮ್ಮ ಕೈಯಲ್ಲಿದೆ ಎಂದು. ವರ್ಷದ ನಂತರ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಸ್ವೀಡನ್ನಿನ ಮಾಲ್ಮೊ ನಗರದಲ್ಲಿ ಹಾನ್ಸ್ ಕ್ರಿಸ್ಟೆನ್ಸನ್ ನಡುವಯಸ್ಸಿನ ಗಂಡಸರ ರಕ್ತದಲ್ಲಿ ಜಿಜಿಟಿ ಎಂಬ ಲಿವರಿನ ಕಿಣ್ವವನ್ನು ಅಳೆದು, ಹೆಚ್ಚಿದ್ದವರನ್ನು ಕರೆದು, ಆ ಸಂಖ್ಯೆಯನ್ನು ಮತ್ತೆ ಮತ್ತೆ ಅವರಿಗೇ ತೋರಿಸುವ ಏರ್ಪಾಟು ಮಾಡಿದರು. ರಜೆ ಹಾಕುವುದು ಕಡಿಮೆಯಾಯಿತು, ಆಸ್ಪತ್ರೆ ಸೇರುವುದು ಕಡಿಮೆಯಾಯಿತು. ಕುಡಿಯಬೇಡಿ ಎಂಬ ಉಪದೇಶಕ್ಕಿಂತ ‘ಇದು ನಿಮ್ಮ ಸಂಖ್ಯೆ’ ಎಂಬ ಮಾತು ಕೆಲಸ ಮಾಡಿತ್ತು.

ಸಂಖ್ಯೆ ಬೇಕೆಂದರೆ ಅಳತೆಗೋಲು ಬೇಕು. ವಿಶ್ವ ಆರೋಗ್ಯ ಸಂಸ್ಥೆ 1980ರ ದಶಕದಲ್ಲಿ ಆರು ದೇಶಗಳ ಜನರಿಂದ ಮಾಹಿತಿ ಸಂಗ್ರಹಿಸಿ ‘ಆಡಿಟ್’ ಎಂಬ ಹತ್ತು ಪ್ರಶ್ನೆಗಳ ಪಟ್ಟಿ ಸಿದ್ಧಮಾಡಿತು. ಎಷ್ಟು ದಿನಕ್ಕೊಮ್ಮೆ, ಒಂದು ಬಾರಿಗೆ ಎಷ್ಟು, ಶುರು ಮಾಡಿದ ಮೇಲೆ ನಿಲ್ಲಿಸಲಾಗದೆ ಹೋದದ್ದುಂಟೇ, ಮನೆಯವರು ಅಂಜಿ ಮಾತಾಡಿದ್ದಾರೆಯೇ ಎಂದೆಲ್ಲ. ಒಟ್ಟು 40 ಅಂಕ, 8 ಮುಟ್ಟಿದರೆ ಎಚ್ಚರಿಕೆಯ ಗಂಟೆ. ಹತ್ತು ಪ್ರಶ್ನೆ, ಕೂಡುವ ಲೆಕ್ಕ, ಕೊನೆಗೊಂದು ಉತ್ತರ: ಇದನ್ನು ನೋಡಿದರೆ ಕಂಪ್ಯೂಟರಿಗಾಗಿಯೇ ಮಾಡಿಟ್ಟಂತಿದೆ.

ಕಂಪ್ಯೂಟರಿಗೆ ಹಾಕಿದವರಲ್ಲಿ ಮೊದಲಿಗರು ನ್ಯೂ ಮೆಕ್ಸಿಕೊದ ರೀಡ್ ಹೆಸ್ಟರ್, ಮಿಲ್ಲರ್ ಜೊತೆಗೂಡಿ ಪುಸ್ತಕ ಸಂಪಾದಿಸಿದವರು. 1997ರಲ್ಲಿ ಅವರು ವಿಂಡೋಸ್‌ನಲ್ಲಿ ಓಡುವ ಒಂದು ತಂತ್ರಾಂಶವನ್ನು 40 ಜನರ ಮೇಲೆ ಪ್ರಯೋಗಿಸಿ, ಕುಡಿತ ಇಳಿಯಿತೆಂದು ಪ್ರಕಟಿಸಿದರು. ಅಂತರ್ಜಾಲ ಮನೆಮನೆಗೆ ಬಂದ ಮೇಲೆ ಟೊರಾಂಟೊ, ಲಂಡನ್, ನೆದರ್‌ಲೆಂಡ್ಸ್, ನ್ಯೂಜಿಲೆಂಡ್‌ಗಳಲ್ಲಿ ಒಂದರ ಹಿಂದೊಂದು ತಾಣಗಳು ಹುಟ್ಟಿಕೊಂಡವು.

ಒಳಗೆ ಇರುವುದು ಬಹುಮಟ್ಟಿಗೆ ಒಂದೇ ಸರಕು. ಕಳೆದ ವಾರ ಸೋಮವಾರದಿಂದ ಭಾನುವಾರದವರೆಗೆ ಏನು, ಎಷ್ಟು ಕುಡಿದಿರಿ ಎಂದು ಕೇಳುತ್ತದೆ. ಉತ್ತರ ತುಂಬಿದ ಮೇಲೆ ನಿಮ್ಮ ವಯಸ್ಸಿನ, ನಿಮ್ಮಂಥವರ ಜೊತೆ ಹೋಲಿಸಿ ತೋರಿಸುತ್ತದೆ. ಇಲ್ಲೊಂದು ಪೆಟ್ಟು ಬೀಳುತ್ತದೆ. ಹೆಚ್ಚು ಕುಡಿಯುವವರು ಎಲ್ಲರೂ ತಮ್ಮಷ್ಟೇ ಕುಡಿಯುತ್ತಾರೆ ಎಂದುಕೊಂಡಿರುತ್ತಾರೆ, ಏಕೆಂದರೆ ಅವರ ಗೆಳೆಯರ ಬಳಗ ಅಂಥದ್ದು. ವರ್ಷಕ್ಕೆ ಎಷ್ಟು ದುಡ್ಡು ಎಂದೂ ತೋರಿಸುತ್ತದೆ. ಆಮೇಲೆ ವಾರಕ್ಕೆ ಇಷ್ಟು, ಇಂತಿಂಥ ದಿನ ಏನೂ ಇಲ್ಲ ಎಂದು ಗುರಿ ನೀವೇ ಹಾಕಿಕೊಳ್ಳಬೇಕು. ದಿನಚರಿ ಬರೆಯಬೇಕು. ಯಾರ ಜೊತೆ, ಯಾವ ಹೊತ್ತಿನಲ್ಲಿ, ಯಾವ ಬೇಸರಕ್ಕೆ ಕೈ ಗ್ಲಾಸಿಗೆ ಹೋಗುತ್ತದೆ ಎಂದು ಗುರುತಿಸಬೇಕು. ಮನೆಯಲ್ಲಿ ಬಾಟಲಿ ಇಡದಿರುವುದು, ಹಸಿದ ಹೊಟ್ಟೆಯಲ್ಲಿ ಶುರು ಮಾಡದಿರುವುದು, ಒತ್ತಾಯ ಮಾಡುವ ಗೆಳೆಯನಿಗೆ ಏನು ಹೇಳುವುದೆಂದು ಮೊದಲೇ ಯೋಚಿಸಿಡುವುದು. ಅಜ್ಜಿಯರು ಹೇಳುವ ಬುದ್ಧಿಮಾತಿನಂತೆಯೇ ಇದೆ. ವ್ಯತ್ಯಾಸವೆಂದರೆ ಇಲ್ಲಿ ಹೇಳುವವರ ಮುಖ ಇಲ್ಲ.

ಕೆಲಸ ಮಾಡಿತೇ? ನೆದರ್‌ಲೆಂಡ್ಸ್‌ನಲ್ಲಿ ಹೆಲೀನ್ ರೈಪರ್ ತಂಡ ಇಂಥ ಒಂದು ತಾಣವನ್ನು 261 ಜನರಲ್ಲಿ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿತು. ಆರು ತಿಂಗಳಲ್ಲಿ ಮಿತಿಯೊಳಗೆ ಬಂದವರು ಶೇ. 17. ಬರೀ ಮಾಹಿತಿಯ ಪುಟ ಓದಿದ ಗುಂಪಿನಲ್ಲಿ ಶೇ. 5. ಚಿಕ್ಕ ಗೆಲುವು, ಆದರೆ ಗೆಲುವೇ. ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಜನ ಮಿತಿಯೊಳಗೆ ಬರಲಿಲ್ಲ ಎಂಬುದನ್ನೂ ಓದಿಕೊಳ್ಳಬೇಕು.

ಬ್ರಿಟನ್ನಿನ ‘ಡೌನ್ ಯುವರ್ ಡ್ರಿಂಕ್’ ತಾಣದ ಕತೆ ಇದಕ್ಕಿಂತ ವಿಚಿತ್ರ. ಅದರ ಮೊದಲ ಹತ್ತು ಸಾವಿರ ಬಳಕೆದಾರರಲ್ಲಿ ಆರು ವಾರದ ಪಾಠವನ್ನು ಕೊನೆಯವರೆಗೆ ಮುಗಿಸಿದವರು ಆರರಲ್ಲಿ ಒಬ್ಬರು. ಆಮೇಲೆ ತಾಣವನ್ನು ತಿದ್ದಿ, 7935 ಜನರನ್ನು ಸೇರಿಸಿಕೊಂಡು ದೊಡ್ಡ ಪರೀಕ್ಷೆ ನಡೆಸಿ 2011ರಲ್ಲಿ ಫಲಿತಾಂಶ ಹೇಳಿದರು. ಮೂರು ತಿಂಗಳಲ್ಲಿ ವಾರದ ಕುಡಿತ ಸರಾಸರಿ 46 ಯೂನಿಟ್‌ನಿಂದ ಸುಮಾರು 20 ಯೂನಿಟ್ ಇಳಿದಿತ್ತು. ಸಂತೋಷಪಡುವ ಮೊದಲೇ ಇನ್ನೊಂದು ಗುಂಪಿನ ಲೆಕ್ಕ ಬಂತು. ಸಾದಾ ಮಾಹಿತಿ ಪುಟ ನೋಡಿದವರಲ್ಲೂ ಅಷ್ಟೇ ಇಳಿದಿತ್ತು.

ಇದನ್ನು ಸೋಲು ಎನ್ನುವುದೇ? ವಿಜ್ಞಾನದ ಕಟ್ಟುನಿಟ್ಟಿನಲ್ಲಿ ಹೌದು. ತಾಣದ ಮೇಲೆ ಸುರಿದ ಬುದ್ಧಿ, ಹಣ, ಅಷ್ಟೂ ಅಂಶಗಳು ಸಾದಾ ಪುಟಕ್ಕಿಂತ ಏನನ್ನೂ ಹೆಚ್ಚು ಕೊಡಲಿಲ್ಲ. ಆದರೆ ಎರಡೂ ಗುಂಪು ಮಾಡಿದ ಒಂದು ಕೆಲಸವಿತ್ತು. ಏನೋ ಮಾಡಬೇಕು ಅನ್ನಿಸಿ ತಾವಾಗಿ ಬಂದು, ತಮ್ಮ ಕುಡಿತದ ಬಗ್ಗೆ ಕೇಳಿದ ಉದ್ದುದ್ದ ಪ್ರಶ್ನೆಗಳಿಗೆ ನಿಜ ಹೇಳಿದ್ದರು. ಆ ತಂಡದ ಜಿಮ್ ಮೆಕ್‌ಕೇಂಬ್ರಿಜ್ ಈ ಬಗ್ಗೆ ಮುಂದೆಯೂ ಕೆಲಸ ಮಾಡಿದ್ದಾರೆ: ಕೇಳುವುದರಿಂದಲೇ ಕುಡಿತ ಸ್ವಲ್ಪ ಬದಲಾಗುತ್ತದೆಯೇ? ಅದರ ಪಾಲು ಸಣ್ಣದೆಂದೇ ಇಟ್ಟುಕೊಂಡರೂ, ಒರೆಗಾನ್‌ನ ಪುಸ್ತಕ, ಲಂಡನ್ನಿನ ಒಂದೇ ಭೇಟಿ, ಮಾಲ್ಮೊದ ರಕ್ತಪರೀಕ್ಷೆ ಒಂದೇ ಕಡೆ ಬೆರಳು ತೋರಿಸುತ್ತಿವೆ ಅನ್ನಿಸುತ್ತದೆ.

ಬಂದವರು ಯಾರು ಎಂಬುದೂ ಗಮನಿಸುವಂಥದ್ದು. ಮದ್ಯದ ಚಿಕಿತ್ಸಾಲಯಗಳಲ್ಲಿ ಗಂಡಸರದೇ ದೊಡ್ಡ ಸಾಲು. ಈ ಬ್ರಿಟಿಷ್ ತಾಣಕ್ಕೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು. ಚಿಕಿತ್ಸಾಲಯದ ಬೆಂಚಿನ ಮೇಲೆ ಕೂರಲಾಗದವರು ಅಡುಗೆಮನೆಯಲ್ಲಿ, ಎಲ್ಲರೂ ಮಲಗಿದ ಮೇಲೆ, ಲ್ಯಾಪ್‌ಟಾಪ್ ತೆರೆದಿದ್ದರು.

2017ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶೆ 57 ಅಧ್ಯಯನಗಳನ್ನು, 34 ಸಾವಿರಕ್ಕೂ ಹೆಚ್ಚು ಜನರನ್ನು ಒಟ್ಟುಗೂಡಿಸಿ ನೋಡಿತು. ಇಂಥ ಕಾರ್ಯಕ್ರಮಗಳಿಂದ ವಾರಕ್ಕೆ ಸರಾಸರಿ 23 ಗ್ರಾಂ ಆಲ್ಕೊಹಾಲ್ ಕಡಿಮೆಯಾಗುತ್ತದೆ. ನಮ್ಮ ಲೆಕ್ಕದಲ್ಲಿ ಎರಡು ಸಣ್ಣ ಪೆಗ್ಗಿಗಿಂತ ಸ್ವಲ್ಪ ಹೆಚ್ಚು. ಮರುವರ್ಷ ರೈಪರ್ ತಂಡ 14 ಸಾವಿರ ಜನರ ವಿವರಗಳನ್ನು ಒಬ್ಬೊಬ್ಬರಂತೆ ಸೇರಿಸಿ ನೋಡಿದಾಗ ಇಳಿಕೆ ವಾರಕ್ಕೆ 50 ಗ್ರಾಂ ಇತ್ತು. ಯಾರಾದರೂ ಮನುಷ್ಯರು ಮಧ್ಯೆ ಮಧ್ಯೆ ಒಂದೆರಡು ಮಾತು ಬರೆದು ಕೈ ಹಿಡಿದ ಕಡೆ ಫಲ ಇನ್ನೂ ಮೇಲು. ಪವಾಡ ಹುಡುಕುವವರಿಗೆ ಇದು ನಿರಾಶೆ. ಆದರೆ ಇದನ್ನು ಸಾವಿರಾರು ಜನರಿಗೆ ಹೆಚ್ಚು ಖರ್ಚಿಲ್ಲದೆ ಕೊಡಬಹುದು.

ಮಿತಿಯ ದಾರಿಯ ಬಗ್ಗೆ ಬರೆಯುವವರು ಆಡ್ರಿ ಕಿಶ್ಲೈನ್ ಅವರ ಹೆಸರನ್ನು ಬಿಟ್ಟು ಹೋಗಬಾರದು. ಅಮೆರಿಕದಲ್ಲಿ 1994ರಲ್ಲಿ ‘ಮಾಡರೇಷನ್ ಮ್ಯಾನೇಜ್‌ಮೆಂಟ್’ ಎಂಬ ಸ್ವಸಹಾಯ ಸಂಘ ಕಟ್ಟಿದವರು ಅವರು. ಇಮೇಲ್ ಪಟ್ಟಿಯ ಮೂಲಕ ಪರಸ್ಪರ ನೆರವಾಗುವುದನ್ನು ಬೇಗ ರೂಢಿಸಿಕೊಂಡ ಸಂಘ ಅದು. 2000ದ ಜನವರಿಯಲ್ಲಿ ಅವರು ತನಗೆ ಮಿತಿ ಸಾಧ್ಯವಾಗುತ್ತಿಲ್ಲ, ಪೂರ್ತಿ ಬಿಡಲು ಹೋಗುತ್ತೇನೆ ಎಂದು ಅದೇ ಪಟ್ಟಿಗೆ ಬರೆದರು. ಮಾರ್ಚಿನಲ್ಲಿ ಕುಡಿದು ಹೆದ್ದಾರಿಯಲ್ಲಿ ತಪ್ಪು ದಿಕ್ಕಿಗೆ ಗಾಡಿ ಓಡಿಸಿ, ಒಬ್ಬ ತಂದೆಯನ್ನೂ ಅವನ ಹನ್ನೆರಡು ವರ್ಷದ ಮಗಳನ್ನೂ ಕೊಂದರು. ಮಿತಿಯ ಪಕ್ಷದವರು ‘ಅಷ್ಟರಲ್ಲಿ ಅವರು ನಮ್ಮನ್ನು ಬಿಟ್ಟಿದ್ದರು’ ಎಂದರು, ಎದುರು ಪಕ್ಷದವರು ‘ನಾವು ಮೊದಲೇ ಹೇಳಿರಲಿಲ್ಲವೇ’ ಎಂದರು. ಎರಡೂ ಆ ಮಗುವಿನ ಮುಂದೆ ಸಣ್ಣ ಮಾತುಗಳು.

ಭಾರತಕ್ಕೆ ಬರೋಣ. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ, ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆಯ ಪ್ರಕಾರ ನಮ್ಮಲ್ಲಿ ಕುಡಿಯುವವರು ಶೇ. 14.6, ಅಂದರೆ ಸುಮಾರು 16 ಕೋಟಿ. ಅದರಲ್ಲಿ ಕುಡಿತದಿಂದ ತೊಂದರೆಯಲ್ಲಿರುವವರು 5.7 ಕೋಟಿ. ಚಟಕ್ಕೆ ಬಿದ್ದವರಲ್ಲಿ ಯಾವುದಾದರೂ ಚಿಕಿತ್ಸೆ ಸಿಕ್ಕಿದ್ದು 38 ಜನರಲ್ಲಿ ಒಬ್ಬರಿಗೆ. ಇಷ್ಟು ಜನರಿಗೆ ಸಾಕಾಗುವಷ್ಟು ಮನೋವೈದ್ಯರನ್ನು ಎಲ್ಲಿಂದ ತರುವುದು? ಈ ಕಾರಣದಿಂದಲೇ ವಿಶ್ವ ಆರೋಗ್ಯ ಸಂಸ್ಥೆ ಬೆಲಾರುಸ್, ಬ್ರೆಜಿಲ್, ಮೆಕ್ಸಿಕೊ ಜೊತೆಗೆ ಭಾರತವನ್ನೂ ಆರಿಸಿ ಅಂತರ್ಜಾಲದ ಸ್ವಸಹಾಯ ಕಾರ್ಯಕ್ರಮವನ್ನು ಪರೀಕ್ಷಿಸಿತು. ಇಲ್ಲಿನ ತಾಣವನ್ನು ನಡೆಸಿದ್ದು ಏಮ್ಸ್‌ನವರೇ. ಗೋವಾದಲ್ಲಿ ‘ಸಂಗಾತ್’ ಸಂಸ್ಥೆಯ ಅಭಿಜಿತ್ ನಾಡಕರ್ಣಿ, ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಇನ್ನೊಂದು ಬಗೆಯಲ್ಲಿ ಯೋಚಿಸಿದರು. ವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯರು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಾಲ್ಕು ಭೇಟಿಯವರೆಗೆ ಮಾತಾಡಿದರು, ಮಿಲ್ಲರ್‌ನ ಆ ಕೇಳುವ ರೀತಿಯಲ್ಲೇ. 2017ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಫಲಿತಾಂಶದಲ್ಲಿ ಮೂರು ತಿಂಗಳಿಗೆ ಸುಧಾರಿಸಿದವರು ಶೇ. 36, ಸಾಮಾನ್ಯ ಆರೈಕೆ ಸಿಕ್ಕವರಲ್ಲಿ ಶೇ. 26. ತಾಣಕ್ಕಿಂತ ಈ ದಾರಿ ನಮ್ಮ ನೆಲಕ್ಕೆ ಹತ್ತಿರದ್ದು ಎಂದು ನನ್ನ ಅಭಿಪ್ರಾಯ. ಆದರೆ ಪುಣೆಯ ಹಿಂಜವಡಿಯಲ್ಲೋ ಗುರುಗ್ರಾಮದಲ್ಲೋ ಇರುವ ನಮ್ಮವರೊಬ್ಬರು ಇದಕ್ಕಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುತ್ತಾರೆಯೇ? ಅವರಿಗೆ ಆ ಮುಖವಿಲ್ಲದ ಪುಟವೇ ಬೇಕಾದೀತು.

ಆ ಪುಟದಲ್ಲಿ ಮೊದಲು ಎಡವುವುದು ಅಳತೆಯಲ್ಲಿ. ಬ್ರಿಟನ್ನಿನ ಒಂದು ಯೂನಿಟ್ ಎಂದರೆ 8 ಗ್ರಾಂ ಆಲ್ಕೊಹಾಲ್, ಅಮೆರಿಕದ ಒಂದು ಡ್ರಿಂಕ್ ಎಂದರೆ 14. ‘ಎಷ್ಟು ಗ್ಲಾಸ್ ವೈನ್’ ಎಂದು ಕೇಳಿದರೆ ಕರ್ನಾಟಕದಲ್ಲಿ ಟೆಟ್ರಾ ಪ್ಯಾಕ್ ಕತ್ತರಿಸುವವನು ಏನು ಹೇಳಬೇಕು? ವಿಶ್ವ ಆರೋಗ್ಯ ಸಂಸ್ಥೆಯ 10 ಗ್ರಾಂ ಲೆಕ್ಕ ನಮಗೆ ಚೆನ್ನಾಗಿ ಹೊಂದುತ್ತದೆ. ನಮ್ಮ ವಿಸ್ಕಿ, ರಮ್ಮು, ಬ್ರಾಂದಿಯ ಬಾಟಲಿಯ ಮೇಲೆ ಶೇ. 42.8 ಎಂದಿರುತ್ತದೆ. 30 ಎಂಎಲ್‌ನ ಸಣ್ಣ ಪೆಗ್ಗಿನಲ್ಲಿ ಹೆಚ್ಚೂ ಕಡಿಮೆ 10 ಗ್ರಾಂ, ಅಂದರೆ ಒಂದು. ಲಾರ್ಜ್ ಎಂದರೆ ಎರಡು. ನೈಂಟಿ ಎಂದರೆ ಮೂರು. ಕ್ವಾರ್ಟರ್ ಎಂದರೆ ಆರು. ‘ನಾನು ಬರೀ ಬೀರು’ ಎನ್ನುವವರ ವಿಷಯ ಬೇರೆಯೇ. 650 ಎಂಎಲ್ ಬಾಟಲಿಯಲ್ಲಿ ಶೇ. 5ರ ಬೀರಾದರೆ ಎರಡೂವರೆ, ಶೇ. 8ರ ಸ್ಟ್ರಾಂಗ್ ಆದರೆ ನಾಲ್ಕು. ಎರಡು ಸ್ಟ್ರಾಂಗ್ ಕುಡಿದವರು ಕ್ವಾರ್ಟರ್ ಕುಡಿದವರಿಗಿಂತ ಹೆಚ್ಚೇ ಕುಡಿದಿರುತ್ತಾರೆ. ಇನ್ನು ಮನೆಯಲ್ಲಿ ಅಂದಾಜಿಗೆ ಸುರಿದುಕೊಳ್ಳುವ ಪೆಗ್ಗು 60ಕ್ಕೆ ನಿಲ್ಲುವುದು ಕಡಿಮೆ. ಒಮ್ಮೆ ಅಳತೆಯ ಲೋಟಕ್ಕೆ ಸುರಿದು ನೋಡಿ. ಬ್ರಿಟನ್ 2016ರಲ್ಲಿ ಹಾಕಿದ ಮಿತಿ ವಾರಕ್ಕೆ 14 ಯೂನಿಟ್, ನಮ್ಮ ಅಳತೆಯಲ್ಲಿ ಹನ್ನೊಂದು ಸಣ್ಣ ಪೆಗ್ಗು, ವಾರಕ್ಕೆ. ಅಷ್ಟೂ ಅಪಾಯವಿಲ್ಲದ್ದು ಎಂದೇನೂ ಅಲ್ಲ.

ಈ ಸ್ವಸಹಾಯ ಯಾರಿಗಲ್ಲ ಎಂಬುದನ್ನು ಬೆಂಗಳೂರು 2020ರಲ್ಲಿ ನೋಡಿತು. ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಮದ್ಯದಂಗಡಿಗಳು ರಾತ್ರೋರಾತ್ರಿ ಮುಚ್ಚಿದವು, ಮತ್ತೆ ತೆರೆದದ್ದು ಮೇ 4ಕ್ಕೆ. ಮುಚ್ಚಿದ ಮೊದಲ ದಿನಗಳಲ್ಲೇ ನಗರದ ಆಸ್ಪತ್ರೆಗಳಿಗೆ ಕೈನಡುಕ, ಭ್ರಮೆ, ಫಿಟ್ಸ್ ಎಂದು ಬರುವವರ ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾಯಿತೆಂದು ಅಲ್ಲಿನ ವೈದ್ಯರು ದಾಖಲಿಸಿದ್ದಾರೆ. ದಿನವೂ ಹೆಚ್ಚು ಕುಡಿಯುವ ದೇಹಕ್ಕೆ ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಜೀವಕ್ಕೇ ಅಪಾಯವಾಗಬಹುದು. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗಿ, ಕುಡಿದ ಮೇಲೆ ನಿಲ್ಲುವವರು, ಹಿಂದೆ ಬಿಡಲು ಹೋಗಿ ಫಿಟ್ಸ್ ಬಂದವರು, ಇಲ್ಲದ್ದು ಕಂಡಂತೆ ಕೇಳಿದಂತೆ ಆದವರು ಆ್ಯಪ್ ನಂಬಿ ತಾವಾಗಿ ನಿಲ್ಲಿಸಬಾರದು. ಅವರಿಗೆ ವೈದ್ಯರ ನಿಗಾದಲ್ಲಿ ಔಷಧಿ ಬೇಕು, ವಿಟಮಿನ್ ಬಿ1 ಬೇಕು. ಊಟಕ್ಕೆ ಪುಡಿ ಬೆರೆಸುವವರೂ ಇದನ್ನು ತಿಳಿದಿರಬೇಕು.

ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿ ನಡೆಸುವ ಟೆಲಿ ಮಾನಸ್ 2022ರ ಅಕ್ಟೋಬರ್ 10ರಂದು ಶುರುವಾಯಿತು. ನಂಬರು 14416. ಹಗಲು ರಾತ್ರಿ, ಉಚಿತ, ಭಾಷೆ ಆಯ್ದುಕೊಳ್ಳಬಹುದು. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಕುಡಿಯುವವರು ತಾವೇ ಮಾಡಬಹುದು, ಮನೆಯವರೂ ಮಾಡಬಹುದು.